ಚೆಕ್ ಮಾಡಿಸಿ ತಂದ ಗಂಗವ್ವ

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಎಂ.ಎ. ಮಾಡಿದವನು. ವಿಷಯ ರಾಜ್ಯಶಾಸ್ತ್ರ. ಬಸವಕಲ್ಯಾಣದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸಂವಿಧಾನದ ಪಾಠ ಮಾಡುತ್ತಿದ್ದೇನೆ. ಇಡೀ ದೇಶ ಹೇಗೆ ನಡೆಯುತ್ತದೆ ಎಂದು ಹೇಳಿಕೊಡುವವನಿಗೆ ಅಂಗೈಯಗಲದ ಒಂದು ಯಂತ್ರವನ್ನು ನಡೆಸುವುದು ಯಾವ ಲೆಕ್ಕ!

ಹೀಗೆಂದು ನಾನು ಹೆಂಡತಿಗೆ ಹೇಳಿದೆನಂತೆ. ನನಗೆ ನೆನಪಿಲ್ಲ. ಆದರೆ ಡೈರಿಯಲ್ಲಿದೆ. ಅಕ್ಷರವೂ ನನ್ನದೇ. ಒಪ್ಪಿಕೊಳ್ಳದೆ ಗತಿಯಿಲ್ಲ.

ನನ್ನ ನೆನಪಿನ ಮೇಲೆ ನನಗೆ ವಿಶ್ವಾಸ ಕಡಿಮೆ. ಅದಕ್ಕೇ ಡೈರಿ ಬರೆಯುವುದು. ಈಚೆಗೆ ಡೈರಿಯ ಮೇಲೂ ಅನುಮಾನ ಶುರುವಾಗಿದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಡೈರಿಯದು, ಉಳಿದದ್ದು ನನ್ನ ಹೆಂಡತಿ ಕಸ್ತೂರಿ ತಿದ್ದಿದ್ದು. ನನ್ನದು ಅಂತ ಇರುವುದು ತಪ್ಪುಗಳು ಮಾತ್ರ.

ನಮ್ಮ ಮನೆಯ ಹಿಂದೆ ಹಸಿರು ನೆಟ್ ಕಟ್ಟಿ, ಅದರ ನೆರಳಿನಲ್ಲಿ ಕಸ್ತೂರಿ ಎರಡು ಸಾವಿರ ತೊಗರಿ ಸಸಿ ಬೆಳೆಸಿದ್ದಳು. ಸಣ್ಣ ಪ್ಲಾಸ್ಟಿಕ್ ಚೀಲ, ಚೀಲಕ್ಕೊಂದು ಸಸಿ. ಮೊದಲ ಮಳೆ ಬಿದ್ದ ಕೂಡಲೇ ಅವು ದುಬಲಗುಂಡಿಯಲ್ಲಿರುವ ಅವಳ ತಮ್ಮ ಶಿವರಾಜನ ಹೊಲಕ್ಕೆ ಹೋಗಬೇಕು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ನೀರು. ಬಿಸಿಲೇರಿದ ಮೇಲೆ ಹಾಕುವಂತಿಲ್ಲ. ಒಂದು ದಿನವೂ ತಪ್ಪಿಸುವಂತಿಲ್ಲ. ಮೇ ತಿಂಗಳು, ನಮ್ಮ ಕಡೆಯ ಬಿಸಿಲು!

ಅಷ್ಟರಲ್ಲಿ ಶಿವರಾಜನಿಗೆ ಹೆಣ್ಣು ಕೂಸು ಹುಟ್ಟಿತು. ಮದುವೆಯಾಗಿ ಎಂಟು ವರ್ಷದ ಮೇಲೆ! ಬರುವ ಶುಕ್ರವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಎಂದು ನಿಶ್ಚಯವಾಯಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕ ಅಥವಾ ತಂಗಿಯದು. ಶಿವರಾಜನಿಗೆ ಇರುವವಳು ಒಬ್ಬಳೇ ಅಕ್ಕ. ಅವಳು ಗುರುವಾರ ಹೊರಟು ಭಾನುವಾರ ಮರಳಬೇಕು. ನಾಲ್ಕು ದಿನ!

"ಹೋಗಬೇಕಂತ ಜೀವ ಬಡ್ಕೊಳಾಕತ್ತದ್ರಿ. ಆದ್ರ ಇವನ್ನ ಯಾರ ಮ್ಯಾಲ ಬಿಟ್ಟು ಹೋಗ್ಲಿ?" ಎಂದಳು ಕಸ್ತೂರಿ, ಸಸಿಗಳ ಕಡೆ ನೋಡುತ್ತ.

"ನಾ ಇಲ್ಲೇನು?"

ಅವಳು ಮೆಟ್ಟಿಲ ಪಕ್ಕದ ಖಾಲಿ ಕುಂಡದ ಕಡೆ ನೋಡಿದಳು. ಅದರಲ್ಲಿ ಮೊದಲು ಕರಿಬೇವಿನ ಗಿಡವಿತ್ತು. ಹೋದ ವರ್ಷ ಅವಳು ಊರಿಗೆ ಹೋದಾಗ ನಾನು ಪ್ರತಿದಿನ ಅದಕ್ಕೆ ನೀರು ಹಾಕಿದ್ದೇನೆ ಎಂದು ಡೈರಿಯಲ್ಲಿದೆ. ಗಿಡ ಮಾತ್ರ ಬೇರೆಯೇ ಸಾಕ್ಷಿ ಹೇಳಿತು. ಮಾಡಿದ್ದನ್ನೂ ಮಾಡಬೇಕೆಂದುಕೊಂಡದ್ದನ್ನೂ ಒಂದೇ ಶಾಯಿಯಲ್ಲಿ ಬರೆಯುವ ಅಭ್ಯಾಸ ನನಗಿದೆಯೆಂದು ಆಗ ಗೊತ್ತಾಯಿತು.

"ನಾ ಹಾಕೂದಿಲ್ಲ. ಯಂತ್ರ ಹಾಕ್ತದ," ಎಂದು ಘೋಷಿಸಿದೆ. "ಸಣ್ಣ ಕಂಪ್ಯೂಟರ್. ಆರಕ್ಕ ತಾನೇ ನೀರು ಬಿಡ್ತದ, ಹತ್ತು ನಿಮಿಷಕ್ಕ ತಾನೇ ಬಂದ್ ಮಾಡ್ತದ. ನೀ ನಿಶ್ಚಿಂತಿಂದ ಹೋಗಿ ಬಾ."

ಅವಳ ಮುಖ ಅರಳಿತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಈ ಒಂದನ್ನು ಯಾರೂ ತಿದ್ದಬಾರದು.

ಶನಿವಾರ ಹುಮನಾಬಾದಿಗೆ ಹೋಗಿ ಅಜೀಮ್ ಭಾಯ್ ಅಂಗಡಿಯಲ್ಲಿ ಯಂತ್ರ ಕೊಂಡೆ. ಅಂಗೈಯಷ್ಟು ಹಸಿರು ಬೋರ್ಡು, ಉಗುರಿನಷ್ಟು ಮೆಮೊರಿ ಕಾರ್ಡು. ಆ ಕಾರ್ಡಿನೊಳಗೆ ಲಿನಕ್ಸ್ ಎಂಬ ವ್ಯವಸ್ಥೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂಸಿನ ಹಾಗೆ ತಂದೆ. ನೀರಿನ ಟಾಕಿಯಿಂದ ನೆಟ್ಟಿನೊಳಗೆ ಪೈಪು ಎಳೆಸಿ, ಕರೆಂಟಿನಿಂದ ತೆರೆಯುವ ವಾಲ್ವ್ ಹಾಕಿಸಿದ್ದೂ ಆಯಿತು. ಇನ್ನು ಯಂತ್ರಕ್ಕೆ ಕೆಲಸ ಹೇಳುವುದಷ್ಟೇ ಬಾಕಿ.

ಹೇಳುವ ಕ್ರಮ ಹೀಗೆ. ಯಂತ್ರದ ಹೆಸರೇನು, ಒಡೆಯ ಯಾರು, ಪಾಸ್‌ವರ್ಡ್ ಏನು, ಮನೆಯ ವೈಫೈ ಯಾವುದು, ಊರು ಯಾವುದು, ನೀರು ಎಷ್ಟು ಗಂಟೆಗೆ, ಇಷ್ಟನ್ನೂ ಒಂದು ಫೈಲಿನಲ್ಲಿ ಬರೆದು ಕಾರ್ಡಿನಲ್ಲಿ ಇಡಬೇಕು. ಯಂತ್ರ ಮೊದಲ ಸಲ ಎಚ್ಚರವಾದಾಗ ಆ ಫೈಲನ್ನು ಓದುತ್ತದೆ. ಓದಿ, ಹೇಳಿದಂತೆ ತನ್ನನ್ನು ತಾನು ಸಿದ್ಧಮಾಡಿಕೊಂಡು, ಫೈಲನ್ನು ಅಳಿಸಿಹಾಕುತ್ತದೆ. ವಿಡಿಯೊದಲ್ಲಿ ಒಬ್ಬರು ಇದನ್ನೆಲ್ಲ ನಗುನಗುತ್ತ ಮಾಡಿ ತೋರಿಸಿದರು. ನಾನೂ ನಗುನಗುತ್ತ ಶುರುಮಾಡಿದೆ.

ಹೆಸರಿನಲ್ಲೇ ಮೊದಲ ತಕರಾರು. ನಾನು 'ಸ್ವಯಂಚಾಲಿತ ಜಲಸಿಂಚನ ವ್ಯವಸ್ಥೆ' ಎಂದು ಇಡಬೇಕೆಂದಿದ್ದೆ.

"ಅಷ್ಟು ಉದ್ದ ಕರೆಯೂದ್ರಾಗ ಸಸಿ ಒಣಗಿ ಹೋಗ್ತಾವ್ರಿ," ಎಂದಳು ಕಸ್ತೂರಿ. "ನೀರು ಕೊಡಾಕಿ ಅಂದ್ರ ಗಂಗವ್ವ. ಹಂಗ ಬರೀರಿ."

ಗಂಗವ್ವ ಎಂದು ಬರೆದೆ. ಕಾರ್ಡು ಹಾಕಿ ಸ್ವಿಚ್ ಒತ್ತಿದೆ. ಹಸಿರು ದೀಪ ಮಿನುಗಿತು. ಲ್ಯಾಪ್‌ಟಾಪಿನಲ್ಲಿ ಗಂಗವ್ವನನ್ನು ಕರೆದೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಿತು.

ಚಿಂತೆಯಿಲ್ಲ! ಫೈಲಿನಲ್ಲಿ ಒಂದು ಚುಕ್ಕೆ ತಪ್ಪಿರಬೇಕು. ತಿದ್ದಿದೆ. ಮತ್ತೆ ಹಚ್ಚಿದೆ. ಯಾರೂ ಇಲ್ಲ. ವೈಫೈ ಪಾಸ್‌ವರ್ಡ್ ತಿದ್ದಿದೆ. ಯಾರೂ ಇಲ್ಲ. ಕಸ್ತೂರಿ ಮಿಕ್ಸರ್ ಹಚ್ಚಿದ್ದರಿಂದ ಹೀಗಾಗುತ್ತಿದೆ ಎಂದು ಮಿಕ್ಸರ್ ಬಂದ್ ಮಾಡಿಸಿದೆ. ಚಟ್ನಿಯೂ ಇಲ್ಲ, ಗಂಗವ್ವನೂ ಇಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಹನ್ನೊಂದು ತಿದ್ದುಪಡಿ ಮಂಡಿಸಿದ್ದೆ. ಏಳು ಅಂತ ಕಸ್ತೂರಿ ಹೇಳುತ್ತಾಳೆ, ಡೈರಿ ಹನ್ನೊಂದು ಅನ್ನುತ್ತದೆ. ಎಷ್ಟೇ ಇರಲಿ, ಒಂದೂ ಅಂಗೀಕಾರವಾಗಲಿಲ್ಲ! ಯಾವ ವಿಧಿಯನ್ನು ಹೇಗೆ ತಿದ್ದಬೇಕೆಂದು ವರ್ಷವಿಡೀ ಪಾಠ ಮಾಡುವ ನನಗೆ ಇದಕ್ಕಿಂತ ಅವಮಾನ ಬೇರೇನಿದೆ?

ಸೋಮವಾರ ಬೆಳಿಗ್ಗೆ ಕಸ್ತೂರಿ ನೀರು ಹಾಕಿ ಬಂದು, ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ಕುಳಿತಳು.

"ಓದಿದ ಮ್ಯಾಲ ಆ ಫೈಲ್ ಅಳಿಸಿ ಹಾಕ್ತದ ಅಂದ್ರಿ ಹೌದಲ್ಲ?"

"ಹೌದು."

"ನಿಮ್ಮ ಫೈಲ್ ಅಳಿಸ್ಯದೇನು?"

ನೋಡಿದೆ. ನನ್ನ ಫೈಲು ಕಾರ್ಡಿನಲ್ಲಿ ಇಟ್ಟ ಹಾಗೇ ಕುಳಿತಿತ್ತು, ಯಾರೂ ತೆರೆಯದ ಮನವಿಪತ್ರದ ಹಾಗೆ.

"ಅಂದ್ರ ಅದು ಓದೇ ಇಲ್ಲ. ಮೊದಲನೇ ಸಲ ಎದ್ದಾಗ ಅಷ್ಟೇ ಓದ್ತದ ಅಂತ ನೀವೇ ಹೇಳ್ತೀರಿ. ಅದು ಮೊದಲೇ ಎಲ್ಲ್ಯೋ ಎದ್ದು ಕುಂತದ್ರಿ. ಕೂಸಿಗೆ ಬ್ಯಾರೆ ಯಾರೋ ಹೆಸರು ಇಟ್ಟು ಬಿಟ್ಟಾರ. ಈಗ ನೀವು ಏಳು ಸಲ ಕಿವ್ಯಾಗ ಊದಿದ್ರ ಏನು ಉಪಯೋಗ?"

ನಾನು ತಲೆಯೆತ್ತಿ ಅವಳನ್ನು ನೋಡಿದೆ. ಎಂ.ಎ. ಮಾಡಿದವನು ನಾನು!

ಯಾರ ಕೆಲಸವಿದು ಎಂದು ನನಗೆ ತಕ್ಷಣ ಹೊಳೆಯಿತು. ಅಜೀಮ್ ಭಾಯ್! ಅವರು ಅಂಗಡಿಯಲ್ಲೇ ಅದನ್ನು ಹಚ್ಚಿ ನೋಡಿಬಿಟ್ಟಿದ್ದಾರೆ. ಕೂಡಲೇ ಹುಮನಾಬಾದಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಪಡಿಸಿದೆ. ಗ್ರಾಹಕನ ಹಕ್ಕು, ಮಾರಾಟಗಾರನ ಹೊಣೆ, ನಾಗರಿಕ ಸಮಾಜದಲ್ಲಿ ಪರಸ್ಪರ ವಿಶ್ವಾಸ, ಹೀಗೆ ಮೂರು ಭಾಗ.

ಅಜೀಮ್ ಭಾಯ್ ಮೊದಲನೇ ಭಾಗ ಮುಗಿಯುವವರೆಗೆ ಕೇಳಿದರು. ಎರಡನೇ ಭಾಗಕ್ಕೆ ಚಹಾ ತರಿಸಿದರು.

"ಸರ್, ಗುಸ್ಸಾ ಆಗಬ್ಯಾಡ್ರಿ. ನಾ ಹಂಗೇ ಪ್ಯಾಕ್ ಕೊಡಾಕ ಬಂದಿದ್ದೆ. ನೀವೇ ಅಂದ್ರಿ, 'ಊರು ದೂರ ಅದ ಭಾಯ್, ಚೆಕ್ ಮಾಡಿ ಕೊಡ್ರಿ' ಅಂತ. ಟಿವಿಗೆ ಹಚ್ಚಿದೆ. ಅದು ಹೆಸರು ಕೇಳ್ತು, 'ಟೆಸ್ಟ್' ಅಂತ ಹೊಡದೆ. ಪಾಸ್‌ವರ್ಡ್ ಕೇಳ್ತು, ಅದೂ 'ಟೆಸ್ಟ್' ಹೊಡದೆ. ಓಕೆ ಅಂತು. ತೆಗದು ಕೊಟ್ಟೆ."

"ನಾ ಹಂಗ ಅಂದೇ ಇಲ್ಲ!"

"ಅಂದ್ರಿ ಸರ್. ಕಸಮ್."

ನನ್ನ ಕೈಚೀಲದಲ್ಲಿ ಡೈರಿ ಇತ್ತು. ದಾಖಲೆ ಇರುವವನಿಗೆ ಯಾರ ಭಯ! ಎಲ್ಲರ ಮುಂದೆ ಶನಿವಾರದ ಪುಟ ತೆಗೆದು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದೆ:

"ಅಂಗಡಿಯವರು ಡಬ್ಬಿಯನ್ನು ಹಾಗೇ ಕೊಡಲು ಬಂದರು. ನಾನು ಬಿಡಲಿಲ್ಲ. ಎದುರಿಗೇ ಚಾಲೂ ಮಾಡಿಸಿ, ಚೆಕ್ ಮಾಡಿಸಿಕೊಂಡೇ ತಂದೆ. ಜಾಗರೂಕತೆ ಎಂದರೆ ಇದು."

ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೆ.

ಇದರಲ್ಲಿ ನನ್ನೊಬ್ಬನ ತಪ್ಪಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಮ್ಮ ಕಡೆ ಬಲ್ಬ್ ಕೊಂಡರೆ ಅಂಗಡಿಯಲ್ಲೇ ಉರಿಸಿ ನೋಡುತ್ತೇವೆ. ಫ್ಯಾನ್ ಕೊಂಡರೆ ತಿರುಗಿಸಿ ನೋಡುತ್ತೇವೆ. ನಮ್ಮಪ್ಪ ಕೊಡೆ ಕೊಳ್ಳುವಾಗ ಅಂಗಡಿಯೊಳಗೇ ಬಿಚ್ಚಿ, ಕೆಳಗೆ ನಿಂತು, ಮೇಲಿನಿಂದ ನೀರು ಹಾಕಿಸಿದ್ದರು! ಹಾಗೆ ಚೆಕ್ ಮಾಡಿ ಕೆಟ್ಟದ್ದು ಈ ಜಗತ್ತಿನಲ್ಲಿ ಇದೊಂದೇ.

ಅಜೀಮ್ ಭಾಯ್ ನಗಲಿಲ್ಲ. ಅದಕ್ಕಾಗಿ ಅವರಿಗೆ ನಾನು ಋಣಿ. "ಫಿಕರ್ ಮಾಡಬ್ಯಾಡ್ರಿ ಸರ್. ಕಾರ್ಡ್ ಪೂರಾ ಅಳಿಸಿ ಲಿನಕ್ಸ್ ಹೊಸದಾಗಿ ಬರೀರಿ. ಮತ್ತ ಹುಟ್ಟಿದಂಗ ಆಗ್ತದ. ಆದ್ರ ನೆನಪಿಡ್ರಿ, ಕಾರ್ಡ್ ಬರದ ಮ್ಯಾಲ ಮೊದಲು ಫೈಲ್, ಆಮ್ಯಾಲ ಸ್ವಿಚ್."

ಮೊದಲು ಫೈಲು, ಆಮೇಲೆ ಸ್ವಿಚ್ಚು. ಬಸ್ಸಿನಲ್ಲಿ ಮಂತ್ರದ ಹಾಗೆ ಹೇಳಿಕೊಳ್ಳುತ್ತ ಬಂದೆ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡಳು. "ಹಂಗಾದ್ರ ನಮ್ಮ ಗಂಗವ್ವನ ಸೋದರತ್ತಿ ಹುಮನಾಬಾದ್‌ದಾಗ ಅಂಗಡಿ ಇಟ್ಟಾರನ್ರಿ!"

ಸಂಜೆ ಕಾರ್ಡನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಕೆಲಸ ಮುಗಿದಿದೆ ಎಂದು ಲ್ಯಾಪ್‌ಟಾಪ್ ಹೇಳಿತು. ನಿಜವಾಗಿ ಮುಗಿದಿದೆಯೋ? ಸರಿಯಾಗಿ ಬರೆದಿದೆಯೋ? ಅದು ಹೇಳಿದ ಮಾತ್ರಕ್ಕೆ ನಂಬುವುದು ಹೇಗೆ? ಕಾರ್ಡನ್ನು ಬೋರ್ಡಿಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಹಸಿರು ದೀಪ ಚಕಚಕ ಮಿನುಗಿತು.

"ಬಂತು!" ಎಂದು ಕೂಗಿದೆ.

"ಏನ್ ಮಾಡಿದ್ರಿ?" ಒಳಗಿನಿಂದ ಕಸ್ತೂರಿ ಕೇಳಿದಳು.

"ಏನಿಲ್ಲ, ಸರಿ ಅದನೋ ಇಲ್ಲೋ ಅಂತ ಸುಮ್ನ ಚೆಕ್..."

ಮಾತು ಅಲ್ಲಿಗೇ ನಿಂತಿತು. ಒಳಗೆ ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ಫೈಲ್ ಹಾಕಿದ್ರೇನು?"

ಕೆಲವು ಪ್ರಶ್ನೆಗಳಿಗೆ ಮೌನವೇ ಸಂವಿಧಾನಬದ್ಧ ಉತ್ತರ.

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡ್ರಿ. ಶಿವರಾಜಗ ಫೋನ್ ಮಾಡಿ ಹೇಳ್ತೀನಿ. ಬ್ಯಾರೆ ಯಾರರೆ ಹೆಸರು ಹೇಳ್ಲಿ," ಎಂದಳು ಸಣ್ಣ ದನಿಯಲ್ಲಿ.

ಆ ದನಿ ಕೇಳಿದ ಮೇಲೆ ನನ್ನ ಎಂ.ಎ. ಪದವಿ ಗೋಡೆಯ ಮೇಲೆ ಸೊಟ್ಟಗಾದಂತೆ ಅನಿಸಿತು.

"ನಾಳೆ ಒಂದು ದಿನ ಕೊಡು," ಎಂದೆ. "ಸ್ವಿಚ್ ನಾ ಮುಟ್ಟೂದಿಲ್ಲ. ನೀನೇ ಒತ್ತು."

ಮಂಗಳವಾರ ಬೆಳಿಗ್ಗೆ ಮೂರನೇ ಜನ್ಮ. ಕಾರ್ಡು ಬರೆದಾದ ಕೂಡಲೇ ಕಸ್ತೂರಿ ಅದನ್ನು ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಫೈಲು ಬರೆದು ಮುಗಿಸುವವರೆಗೆ ಕೊಡಲಿಲ್ಲ. ಈ ಸಲ ನಾನು ಪ್ರತಿ ಸಾಲನ್ನೂ ಎಚ್ಚರದಿಂದ ಬರೆದೆ. ಹೆಸರು ಗಂಗವ್ವ. ಒಡತಿ ಕಸ್ತೂರಿ. ನೀರು ಬೆಳಿಗ್ಗೆ ಆರು. ಸಮಯಕ್ಕಾಗಿ ಊರಿನ ಹೆಸರು ಬರೆಯುವ ಒಂದು ಸಾಲಿತ್ತು. ವಿಡಿಯೊದಲ್ಲಿ ಅಲ್ಲಿ ಏಷ್ಯಾ, ಕೋಲ್ಕತ್ತಾ ಎಂದಿತ್ತು. ಪಾಪ, ವಿಡಿಯೊ ಮಾಡಿದವರ ಊರು ಅದಿರಬೇಕು! ನಾನು ಅದನ್ನು ಅಳಿಸಿ ಹೆಮ್ಮೆಯಿಂದ ಏಷ್ಯಾ, ಬಸವಕಲ್ಯಾಣ ಎಂದು ಬರೆದೆ. ಆಮೇಲೆ ಸೆರಗಿನ ಗಂಟು ಬಿಚ್ಚಿತು, ಫೈಲು ಕಾರ್ಡಿಗೆ ಹೋಯಿತು, ಕಾರ್ಡು ಬೋರ್ಡಿಗೆ.

ಪಕ್ಕದ ಮನೆಯ ರೇವಣಪ್ಪ ಕಾಕಾ ನೋಡಲು ಬಂದಿದ್ದರು. ಎಪ್ಪತ್ತು ದಾಟಿದವರು, ಐದು ಆಡು ಸಾಕಿದ್ದಾರೆ. ಬಿಸಿಲೇರಿದ ಮೇಲೆ ನಮ್ಮ ನೆಟ್ಟಿನ ನೆರಳಲ್ಲಿ ಕುಳಿತು ಪೇಪರ್ ಓದುವುದು ಅವರ ದಿನಚರಿ.

"ಹೆಸರು ಇಡೂದಂದ್ರ ಕಿವ್ಯಾಗ ಹೇಳಬೇಕವಾ," ಎಂದರು ಕಾಕಾ.

ಕಸ್ತೂರಿ ನಗುತ್ತ ಬೋರ್ಡಿನ ಹತ್ತಿರ ಬಾಗಿ, "ಕುರ್ರ್... ಗಂಗವ್ವ," ಎಂದು ಮೆಲ್ಲಗೆ ಹೇಳಿ ಸ್ವಿಚ್ ಒತ್ತಿದಳು. ಸೋದರತ್ತೆಯ ಬೆನ್ನಿಗೆ ಒಂದು ಗುದ್ದು ಹಾಕುವುದು ಶಾಸ್ತ್ರ. ಹಾಕಲು ನಾನು ಕೈಯೆತ್ತಿದೆ. ಅವಳು ನೋಡಿದಳು. ಇಳಿಸಿದೆ.

ಲ್ಯಾಪ್‌ಟಾಪಿನಲ್ಲಿ ಕರೆದೆ. ಗಂಗವ್ವ ಓಗೊಟ್ಟಳು!

ಕಸ್ತೂರಿ ಆ ಸಂಜೆಯೇ ಸೀರೆ ಇಸ್ತ್ರಿ ಮಾಡಿ ಬ್ಯಾಗಿಗೆ ಹಾಕಿದಳು. ಕೂಸಿಗೆ ತಂದ ಬೆಳ್ಳಿಯ ಕಾಲ್ಗಡಗವನ್ನು ಮೂರು ಸಲ ತೆಗೆದು ನೋಡಿದಳು. ನಾನು ಡೈರಿಯಲ್ಲಿ 'ಐತಿಹಾಸಿಕ ದಿನ' ಎಂದು ಬರೆದೆ. ಆಗಲೇ ಅನುಮಾನ ಬರಬೇಕಿತ್ತು.

ಬುಧವಾರ ಬೆಳಿಗ್ಗೆ ಆರು. ಇಬ್ಬರೂ ನೆಟ್ಟಿನ ಮುಂದೆ ನಿಂತೆವು. ಆರಾಯಿತು, ಆರೂ ಐದಾಯಿತು. ಒಂದು ಹನಿಯೂ ಇಲ್ಲ. ಆರೂವರೆಗೆ ಕಸ್ತೂರಿ ಕೊಡ ಎತ್ತಿಕೊಂಡು ಎರಡು ಸಾವಿರ ಸಸಿಗೂ ಕೈಯಾರೆ ನೀರು ಹಾಕಿದಳು. ನಾನೂ ಒಂದು ಕೊಡ ಹಿಡಿದೆ. ಇದು ಡೈರಿಯಲ್ಲಿದೆ, ನಡೆದದ್ದೂ ಹೌದು. ಬೆನ್ನು ಇನ್ನೂ ಸಾಕ್ಷಿ ಹೇಳುತ್ತಿದೆ.

ಹನ್ನೊಂದೂವರೆಗೆ ಹಿತ್ತಲಿನಿಂದ ಕೂಗು ಕೇಳಿಸಿತು. "ಮಾಸ್ತರ್! ಓ ಮಾಸ್ತರ್! ಮಳಿ ಬಂತು!"

ಓಡಿಹೋಗಿ ನೋಡಿದರೆ, ಹೊರಗೆ ಉರಿ ಬಿಸಿಲು, ನೆಟ್ಟಿನೊಳಗೆ ಭರ್ಜರಿ ಮಳೆ. ನಡುವೆ ರೇವಣಪ್ಪ ಕಾಕಾ. ತಲೆಯ ಮೇಲೆ ಪೇಪರ್ ಹಿಡಿದಿದ್ದರು. ಪೇಪರ್ ಕಾಕಾನ ಮುಖಕ್ಕೆ ಅಂಟಿಕೊಂಡು ಬರುತ್ತಿತ್ತು.

"ಕಾಕಾ, ಹೊರಗ ಬರ್ರಿ!"

"ಯಾಕ ಬರ್ಲಿ? ಇಂಥಾ ತಂಪು ಎಲ್ಲಿ ಸಿಗ್ತದ? ದಿನಾ ಇದೇ ಹೊತ್ತಿಗಿ ಬರತದೇನು ಹೇಳ್ರಿ, ನಾಳಿ ಸಾಬೂನು ತರ್ತೀನಿ!"

ಅಜೀಮ್ ಭಾಯ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು. "ಊರಿನ ಸಾಲಿನ್ಯಾಗ ಏನ್ ಬರದ್ರಿ ಸರ್?"

"ನಮ್ಮ ಊರೇ. ಬಸವಕಲ್ಯಾಣ."

ಆ ಕಡೆ ಫೋನನ್ನು ಅಂಗೈಯಿಂದ ಮುಚ್ಚಿದ ಸದ್ದಾಯಿತು. ಈ ಸಲ ಅವರು ನಕ್ಕರೆಂದೇ ನನ್ನ ಅನುಮಾನ. "ಸರ್, ಅದರ ಲಿಸ್ಟ್‌ನ್ಯಾಗ ಇಂಡಿಯಾಕ್ಕೆಲ್ಲ ಒಂದೇ ಊರು, ಕೋಲ್ಕತ್ತಾ. ಹುಮನಾಬಾದ್ ಸುದ್ದಾ ಇಲ್ಲ. ಊರು ಗೊತ್ತಾಗಲಿಲ್ಲ ಅಂದ್ರ ಅದು ಗ್ರೀನಿಚ್ ಟೈಮ್ ಹಿಡದು ನಡೀತದ."

ಗ್ರೀನಿಚ್! ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಆರಾದಾಗ ನಮ್ಮಲ್ಲಿ ಹನ್ನೊಂದೂವರೆ. ಗಂಗವ್ವ ಹೇಳಿದ ಕೆಲಸವನ್ನು ಒಂದು ನಿಮಿಷವೂ ತಪ್ಪದೆ ಮಾಡಿದ್ದಳು, ಬೇರೆ ದೇಶದ ಗಡಿಯಾರ ನೋಡಿಕೊಂಡು!

"ಕಾರ್ಡು ಮತ್ತೊಮ್ಮೆ ಅಳಿಸಿ, ಹೊಸದಾಗಿ..." ಎಂದು ನಾನು ಎದ್ದೆ.

"ಕುಂದರ್ರಿ!" ಎಂದಳು ಕಸ್ತೂರಿ. ಇಷ್ಟು ವರ್ಷದಲ್ಲಿ ಆ ದನಿಯನ್ನು ನಾನು ಎರಡು ಸಲ ಮಾತ್ರ ಕೇಳಿದ್ದೇನೆ. "ಆಕಿ ಎದ್ದಾಳ, ಕರದ್ರ ಓ ಅಂತಾಳ. ಆಕಿ ಗಡಿಯಾರ ಹ್ಯಾಂಗ ಅದನೋ ಹಂಗ ಇರ್ಲಿ. ಆಕಿದು ಐದೂವರಿ ತಾಸು ಹಿಂದ ಅದ ಅಂದ್ರ ನಮ್ಮ ಬೆಳಗಿನ ಆರು ಅಂದ್ರ ಆಕಿಗಿ ರಾತ್ರಿ ಹನ್ನೆರಡೂವರಿ. ನೀರಿನ ಟೈಮ್ ಅಷ್ಟೇ ಹನ್ನೆರಡೂವರಿ ಅಂತ ಬದಲಿ ಮಾಡ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ನಾನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ. ಸರಿಯಿತ್ತು. ಇನ್ನೊಮ್ಮೆ ಮಾಡಿದೆ. ಆಗಲೂ ಸರಿಯಿತ್ತು. ಗಂಗವ್ವನನ್ನು ಕರೆದು, ಆ ಒಂದು ಸಾಲನ್ನಷ್ಟೇ ಬದಲಿಸಿ ಹೊರಬಂದೆ. ಅಷ್ಟೂ ಹೊತ್ತು ಕಸ್ತೂರಿ ನನ್ನ ಹಿಂದೆ ನಿಂತಿದ್ದಳು.

ಗುರುವಾರ ಬೆಳಿಗ್ಗೆ ಸರಿಯಾಗಿ ಆರಕ್ಕೆ ಪೈಪುಗಳು ಒಮ್ಮೆ ಕೆಮ್ಮಿ, ಆಮೇಲೆ ಎರಡು ಸಾವಿರ ಸಸಿಗಳ ಮೇಲೆ ಹೂಮಳೆಯ ಹಾಗೆ ನೀರು ಸುರಿದವು. ಹತ್ತು ನಿಮಿಷಕ್ಕೆ ನಿಂತವು. ಕಸ್ತೂರಿ ಕಣ್ಣು ಒರೆಸಿಕೊಂಡಳು. ನೀರು ಸಿಡಿದಿತ್ತು ಎಂದಳು. ಅವಳು ನಿಂತ ಕಡೆ ನೀರು ಬೀಳುತ್ತಿರಲಿಲ್ಲ. ಎಂಟರ ಬಸ್ಸಿಗೆ ಹೊರಟುಹೋದಳು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗ ಹಿತ್ತಲಿಗೆ ಹೋದೆ. ರೇವಣಪ್ಪ ಕಾಕಾ ಆಗಲೇ ಸ್ವಿಚ್ ಬೋರ್ಡಿನ ಕೆಳಗೆ ಬುಟ್ಟಿ ಬೋರಲು ಹಾಕಿಕೊಂಡು ಕುಳಿತಿದ್ದರು. ಕೈಯಲ್ಲಿ ಆಡು ಕಾಯುವ ಕೋಲು.

"ಎಲ್ಲಿ ಹೊಂಟ್ರಿ ಮಾಸ್ತರ್?"

"ಏನಿಲ್ಲ ಕಾಕಾ, ಒಂದ್ ಸಲ ಚೆಕ್..."

"ಚಾ ಆಗ್ಯದ. ನಮ್ಮನಿಗಿ ನಡೀರಿ ಮೊದಲ."

ನಾವು ಚಹಾ ಕುಡಿದು ಬರುವಷ್ಟರಲ್ಲಿ ಸಸಿಗಳು ತೊಯ್ದು ನಿಂತಿದ್ದವು. ಶನಿವಾರವೂ ಹೀಗೇ, ಭಾನುವಾರವೂ ಹೀಗೇ. ಮುದುಕರಿಗೆ ಬೆಳಗಿನ ತಂಪು ಹಿಡಿಸಿದೆ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಕಸ್ತೂರಿಯ ಫೋನ್ ಬಂತು. ಹಿಂದೆ ಹೆಂಗಸರ ನಗು, ಕೂಸಿನ ಅಳು. "ಹೆಸರು ಇಟ್ಟಾಯ್ತ್ರಿ! ಸೃಷ್ಟಿ ಅಂತ. ಕಿವಿಗಿ ಬಾಯಿ ಹಚ್ಚಿದ್ರ ನನಗ 'ಗಂಗವ್ವ' ಅಂತ ಬರಾಕತ್ತಿತ್ತು ನೋಡ್ರಿ! ಹೇಳೂದು ಒಂದೇ ಸಲ ಹೌದಲ್ಲ, ಅದಕ್ಕ ತಡದು, ಸಾವಕಾಶ ಹೇಳ್ದೆ. ಎಲ್ಲಾರೂ ಸೇರಿ ಬೆನ್ನಿಗಿ ಗುದ್ದಿದ್ದೇ ಗುದ್ದಿದ್ದು!" ಎಂದಳು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ಎಷ್ಟು ವರ್ಷದ ಹಿಂದೆ ಕೇಳಿದ್ದೆ? ಡೈರಿ ಹುಡುಕಿದೆ. ಅದರಲ್ಲಿ ಅಂಥದ್ದೆಲ್ಲ ಬರೆದೇ ಇಲ್ಲ.

ಭಾನುವಾರ ಸಂಜೆ ಅವಳು ಬಂದಳು. ಬ್ಯಾಗ್ ಇಳಿಸದೆ ನೇರ ಹಿತ್ತಲಿಗೆ ಹೋದಳು. ಸಸಿಗಳು ಎರಡು ಬೆರಳು ಎತ್ತರವಾಗಿ, ಹೊಸ ಎಲೆ ಬಿಟ್ಟು ನಿಂತಿದ್ದವು. ನಾನು ಪಕ್ಕದಲ್ಲಿ ಎದೆಯುಬ್ಬಿಸಿ ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ. ಕಾಕಾನ ಕಡೆ ತಿರುಗಿದಳು.

"ಮುಟ್ಟಿಲ್ಲ ಹೌದಲ್ಲ ಕಾಕಾ?"

"ಇಲ್ಲವಾ. ಮೂರು ದಿನಾನೂ ಬಂದಿದ್ರು. ಮೂರು ದಿನಾನೂ ಚಾ ಕುಡಿಸಿ ಕಳಿಸೀನಿ."

ನಾನು ಇಬ್ಬರನ್ನೂ ನೋಡಿದೆ. "ಅಂದ್ರ, ನೀರು ಬರತದೋ ಇಲ್ಲೋ ನೋಡಾಕ ಅಲ್ಲೇನು ಕಾಕಾ ನೀವು ಕುಂತಿದ್ದು?"

"ನೀರು ಅದರ ಪಾಡಿಗಿ ಅದು ಬರ್ತಿತ್ತು ಮಾಸ್ತರ್," ಎಂದರು ಕಾಕಾ ಕೋಲು ಹೆಗಲಿಗೇರಿಸುತ್ತ. "ನನ್ನ ಕುಂದರಿಸಿದ್ದು ನಿಮ್ಮನ್ನ ಕಾಯಾಕ."

ಆ ದಿನ ಡೈರಿಯಲ್ಲಿ ಎರಡೇ ಸಾಲು ಬರೆದೆ. 'ಎರಡು ಸಾವಿರ ಸಸಿಯೂ ಬದುಕಿವೆ. ನಾನು ಏನೂ ಮಾಡಲಿಲ್ಲ.'

ಕಸ್ತೂರಿ ನನ್ನ ಭುಜದ ಮೇಲಿನಿಂದ ಬಾಗಿ ಓದಿದಳು. ಪೆನ್ ತೆಗೆದುಕೊಂಡು ಎರಡನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಬರೆದಳು:

'ಚೆಕ್ ಮಾಡೀನಿ. ಖರೇ ಅದ.'